ನೀರೊಳಗಿನ ದೀಪ

ಗಲ್ಫಿನಿಂದ ರಜೆಗೆ ಬಂದ ಅಣ್ಣ ತನ್ನ ಅಂಗೈಯಗಲದ ಡಿಜಿಟಲ್ ಕ್ಯಾಮೆರಾವನ್ನೂ ಅದನ್ನು ನೀರಿಗಿಳಿಸುವ ಪ್ಲಾಸ್ಟಿಕ್ ಕವಚವನ್ನೂ ನನಗೆ ಕೊಟ್ಟುಹೋದನು. ಅಂದಿನಿಂದ ನಾನು ಕಾರವಾರದ ತರಗತಿಯಲ್ಲಿ ಕುಳಿತಿದ್ದರೂ ನೀರಿನಲ್ಲಿಯೇ ಇದ್ದೆನೆಂಬುದನ್ನು ನಮ್ಮ ಅಧ್ಯಾಪಕರು ಅಲ್ಲಗಳೆಯಲಾರರು.

ಅದಕ್ಕೆ ಕಾರಣವಿತ್ತು. ಅಪ್ಪ ಬೇಲೆಕೇರಿಯ ಬಂಡೆಗಳ ಬುಡದಲ್ಲಿ ಮುಳುಗಿ ಚಿಪ್ಪಿಕಲ್ಲು ಕೀಳುವವನು. ಆಯಿ ಅದನ್ನು ಬುಟ್ಟಿಯಲ್ಲಿ ಹೊತ್ತು ಅಂಕೋಲೆಯ ಪೇಟೆಯಲ್ಲಿ ಮಾರುವವಳು. ಇಪ್ಪತ್ತೈದು ವರ್ಷಗಳಾದರೂ ಅವನು ಇಳಿಯುವ ಜಾಗವನ್ನು ಅವಳು ಕಂಡಿಲ್ಲ. ಗಾಳಿ ಎದ್ದ ದಿನ ದಂಡೆಯಲ್ಲಿ ನಿಂತು ಅವನ ತಲೆ ಮೇಲೇಳುವುದನ್ನು ಎಣಿಸುತ್ತಾಳೆ, ಅಷ್ಟೆ. ಕಿವಿಯ ನೋವಿಗಾಗಿ ಈ ವರ್ಷ ವೈದ್ಯರು ಅವನಿಗೆ ಮುಳುಗುವುದನ್ನೇ ಬಿಡಲು ಹೇಳಿದ್ದರು. ಇದೇ ಕೊನೆಯ ಹಂಗಾಮು.

ಬೆಳಕೆಂದರೆ ಕ್ಯಾಮೆರಾದ ಫ್ಲ್ಯಾಶ್ ಎಂದೇ ನಾನು ತಿಳಿದಿದ್ದೆ. ಮೊದಲ ಚಿತ್ರದಲ್ಲಿ ಅಪ್ಪನೇ ಇರಲಿಲ್ಲ. ಹಿಟ್ಟು ಜರಡಿ ಹಿಡಿದಂತೆ ಬಿಳಿಯ ಚುಕ್ಕೆಗಳಿದ್ದವು. ಮಳೆಗಾಲದಲ್ಲಿ ಗಂಗಾವಳಿ ತಂದು ಸುರಿದ ಕೆಸರಿನ ಕಣಗಳು ಇನ್ನೂ ತೇಲುತ್ತಿದ್ದವು. ಫ್ಲ್ಯಾಶ್ ಕಣ್ಣಿನ ಪಕ್ಕದಲ್ಲೇ ಇದ್ದುದರಿಂದ ಅವುಗಳ ಮೇಲೆ ಬಿದ್ದ ಬೆಳಕು ನೇರವಾಗಿ ಮರಳಿ ಬಂದಿತ್ತು. ಚಿತ್ರ ನೋಡಿ ಅಪ್ಪ ನಕ್ಕು, "ಮಂಜಲ್ಲಿ ದೀಪ ಮೂಗಿನ ಮುಂದೆ ಹಿಡಿದರೆ ದಾರಿ ಕಾಣ್ತದೋ ತಮಾ?" ಎಂದನು. ಪುಸ್ತಕಗಳಲ್ಲಿ ನಾನು ಆಮೇಲೆ ಓದಿದ್ದು ಇದನ್ನೇ!

ಫ್ಲ್ಯಾಶ್ ಇಲ್ಲದೆ ತೆಗೆದರೆ ಎಲ್ಲವೂ ಪಾಚಿಯ ಬಣ್ಣ. ಅಪ್ಪನ ಕೆಂಪು ಉಡಿದಾರ ಕಪ್ಪಾಗಿ ಕಂಡಿತು. ಕಡಲಿನ ನೀಲಿ ಬಾನಿನ ಪ್ರತಿಬಿಂಬವೆಂಬ ಮಾತನ್ನು ಸಿ. ವಿ. ರಾಮನ್ನರು 1921ರಲ್ಲಿ ಹಡಗಿನ ಮೇಲೆ ನಿಕೋಲ್ ಪ್ರಿಸಮ್ ಹಿಡಿದು ಪರೀಕ್ಷಿಸಿ ತಳ್ಳಿಹಾಕಿದರು. ನೀರಿನ ಅಣುಗಳು ಚದುರಿಸುವುದು ನೀಲಿಯನ್ನು. ನೀರು ಮೊದಲು ನುಂಗುವುದು ಕೆಂಪನ್ನು. ಕೆಂಪು ಬೇಕಾದರೆ ಬೆಳಕನ್ನು ನಾವೇ ಕೆಳಗೆ ಒಯ್ಯಬೇಕು.

ಒಯ್ಯುವುದೇನನ್ನು? ಸ್ಟ್ರೋಬ್ ಎಂಬ ಹೊರಗಿನ ಫ್ಲ್ಯಾಶ್ ಪ್ರಖರವಾದದ್ದು, ಅಲುಗಾಡುವುದನ್ನೂ ಅರೆಕ್ಷಣದಲ್ಲಿ ಹಿಡಿದು ನಿಲ್ಲಿಸುತ್ತದೆ. ಆದರೆ ಅದರ ಬೆಲೆ ಕ್ಯಾಮೆರಾದ ಬೆಲೆಗಿಂತ ಹೆಚ್ಚು. ಮುಳುಗುವವರ ಟಾರ್ಚಿನ ಬೆಳಕು ಮಂದ. ಆದರೂ ಗುಂಡಿ ಒತ್ತುವ ಮೊದಲೇ ಬೆಳಕು ಎಲ್ಲಿ ಬೀಳುತ್ತದೆಂದು ಕಾಣುತ್ತದೆ. ವಿದ್ಯಾರ್ಥಿವೇತನದ ಹಣದಲ್ಲಿ ಟಾರ್ಚನ್ನೇ ಕೊಂಡೆ. (ಜೆರಾಕ್ಸ್ ಅಂಗಡಿಯ ಬಾಕಿ ಹಾಗೆಯೇ ಇದೆ.) ಮೊಳದುದ್ದದ ಬಿದಿರಿನ ಕೋಲಿಗೆ ಅದನ್ನು ಬಿಗಿದು, ಪಕ್ಕದಿಂದ ಓರೆಯಾಗಿ ಬೆಳಕು ಬೀಳುವಂತೆ ಮಾಡಿದೆ. ದೂರ ನಿಂತರೆ ಅದೂ ವ್ಯರ್ಥ. ಹೋಗುವ ಬೆಳಕನ್ನೂ ಮರಳುವ ಬೆಳಕನ್ನೂ ನೀರು ನುಂಗುತ್ತದೆ. ಕೈಗೆಟಕುವಷ್ಟು ಹತ್ತಿರ ಹೋಗಲೇಬೇಕು.

ಸಂಕ್ರಾಂತಿಯ ಮರುದಿನ ಕಡಲು ತಿಳಿಯಾಗಿತ್ತು. ಎರಡಾಳು ನೀರು. ಅಪ್ಪನ ಉಸಿರಿಗಿಂತ ನನ್ನ ಉಸಿರು ಬಹಳ ಗಿಡ್ಡ. ಹನ್ನೆರಡು ಸಲ ಮುಳುಗಿ ಹನ್ನೆರಡು ಚಿತ್ರ ತೆಗೆದೆ. ಹನ್ನೊಂದು ಕೆಟ್ಟವು.

ಉಳಿದ ಒಂದನ್ನು ಆಯಿ ಒಲೆಯ ಮುಂದೆ ಕುಳಿತು ಬಹಳ ಹೊತ್ತು ನೋಡಿದಳು. ಬಂಡೆಯ ಸಂದಿನಲ್ಲಿ ತೂರಿಸಿದ ತೋಳು, ಉಳಿ, ಹಸಿರಂಚಿನ ಚಿಪ್ಪುಗಳು, ಸೊಂಟದಲ್ಲಿ ಕೆಂಪು ದಾರ.

"ದಾರ ನಾ ಕಟ್ಟಿದ್ದೇ," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಇಷ್ಟು ಇಕ್ಕಟ್ಟೇ ಅಲ್ಲಿ?" ಎಂದು ಕೇಳಿದಳು.

ಅಪ್ಪ ಉತ್ತರ ಹೇಳದೆ, ಬೀಡಿ ಹುಡುಕುತ್ತ ಅಂಗಳಕ್ಕೆ ಹೋದನು.