ಮಿಕೊನೋಸ್‌ಗೆ ಯಾಕ್ ಹೋದ್ರಿ ಅಂದ್ರ

ಗಜೇಂದ್ರಗಡದಲ್ಲಿ ಇಬ್ಬರು ಗಂಡಸರು ಕೈ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಿಂದ ಕಾಲಕಾಲೇಶ್ವರನ ಗುಡಿತನಕ ನಡೆದರೂ ಯಾರೂ ತಿರುಗಿ ನೋಡುವುದಿಲ್ಲ. ಹೆಗಲ ಮೇಲೆ ಕೈ ಹಾಕಬಹುದು. ಒಂದೇ ಪ್ಲೇಟಿನಲ್ಲಿ ಗಿರಮಿಟ್ ತಿನ್ನಬಹುದು. ಬ್ಯಾಸಗಿ ರಾತ್ರಿ ಮಾಳಿಗೆ ಮೇಲೆ ಒಂದೇ ಕೌದಿಯೊಳಗೆ ಮಲಗಬಹುದು. 'ಭಾಳ ಛಲೋ ದೋಸ್ತರು ನೋಡ್ರಿ' ಅಂತಾರೆ, ಅಷ್ಟೇ. ನರಗುಂದದ ಲಾಡ್ಜೊಂದರಲ್ಲಿ ನನಗೂ ನನ್ನ ಸಂಗಾತಿಗೂ ಆಧಾರ್ ಕಾರ್ಡ್ ನೋಡಿ, ಎರಡನೇ ಮಾತಿಲ್ಲದೆ ಡಬಲ್ ಮಂಚದ ರೂಮಿನ ಕೀಲಿ ಕೊಟ್ಟರು. ಒಂದು ಗಂಡು ಒಂದು ಹೆಣ್ಣು ಹೋಗಿ ನಿಂತಿದ್ದರೆ ಮದುವೆ ಫೋಟೋ ಕೇಳುತ್ತಿದ್ದರೇನೋ.

ಇಂಥಾ ಸೀಮೆಯವನು ಎರಡು ವರ್ಷ ದುಡ್ಡು ಕೂಡಿಸಿ ಗ್ರೀಸಿನ ದ್ವೀಪಕ್ಕೆ ಯಾಕೆ ಹೋಗಬೇಕು? ಆಫೀಸಿನಲ್ಲಿ ಕೇಳಿದವರಿಗೆ 'ಬೀಚು, ಊಟ, ಫೋಟೋ' ಅಂದೆ. ಸುಳ್ಳೇನಲ್ಲ.

2024ರ ಜುಲೈ. ಬೆಂಗಳೂರಿನಿಂದ ಗಲ್ಫ್ ದಾಟಿ ಅಥೆನ್ಸ್, ಅಲ್ಲಿಯ ಪಿರೇಯಸ್ ಬಂದರಿನಿಂದ ದೊಡ್ಡ ಹಡಗಿನಲ್ಲಿ ಐದು ತಾಸು. ಇಳಿದ ತಕ್ಷಣ ಮುಖಕ್ಕೆ ಬಡಿದದ್ದು ಗಾಳಿ. ಮೆಲ್ಟೆಮಿ ಅಂತಾರೆ ಅದಕ್ಕೆ; ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಬೀಸಿದರೆ ಟೋಪಿ, ಟವೆಲ್ಲು ಯಾವುದೂ ನಿಮ್ಮದಲ್ಲ. ಊರ ಅಂಚಿನ ದಿಬ್ಬದ ಮೇಲೆ ಬೆಳ್ಳನೆಯ ದುಂಡು ಗಾಳಿಗಿರಣಿಗಳು ಸಾಲಾಗಿ ನಿಂತಿವೆ. ವೆನಿಸ್‌ನವರು 16ನೇ ಶತಮಾನದಲ್ಲಿ ಕಾಳು ಬೀಸಲು ಕಟ್ಟಿಸಿದ್ದು. ಈಗ ಅವು ಬೀಸುವುದಿಲ್ಲ, ಫೋಟೋಕ್ಕೆ ನಿಲ್ಲುತ್ತವೆ. ನಮ್ಮೂರ ಗುಡ್ಡದ ಮೇಲಿನ ಗಾಳಿಯಂತ್ರಗಳು ಹಗಲೂ ರಾತ್ರಿ ಕರೆಂಟ್ ಮಾಡುತ್ತವೆ, ಅವುಗಳ ಜೊತೆ ಸೆಲ್ಫಿ ತಗೊಳ್ಳೋರು ಕಡಿಮೆ. ವರ್ಷಪೂರ್ತಿ ಅಲ್ಲೇ ಇರುವ ಜನ ಸುಮಾರು 10,000. ನಮ್ಮ ಗಜೇಂದ್ರಗಡ ಅದಕ್ಕಿಂತ ದೊಡ್ಡ ಊರು ಅಂತ ಹೇಳಿಕೊಂಡು ಎದೆ ಉಬ್ಬಿಸಿದೆ.

ಈ ಊರಿಗೆ ಗೇ ಜನ ಬರಲು ಶುರುವಾದದ್ದು 1970ರ ದಶಕದಲ್ಲಿ. ಈಗ ಅದೊಂದು ದೊಡ್ಡ ಧಂದೆ. ಎಲಿಯಾ ಬೀಚಿಗೆ ಬಸ್ಸಿದೆ. ಇಳಿದು ಬಲಕ್ಕೆ ನಡೆದರೆ ಕಾಮನಬಿಲ್ಲಿನ ಬಾವುಟ, ಅದರಾಚೆ ನಮ್ಮವರು. ಎರಡು ಮಂಚ ಒಂದು ಛತ್ರಿಗೆ ಕೇಳಿದ ರೇಟಿನಲ್ಲಿ ಗಜೇಂದ್ರಗಡದಲ್ಲಿ ಒಂದು ತಿಂಗಳ ಮನೆಬಾಡಿಗೆ ಕಟ್ಟಬಹುದಿತ್ತು. ಪುಕ್ಕಟೆ ಉಸುಕಿನ ಮೇಲೆ ಟವೆಲ್ ಹಾಸಿ ಕೂತೆವು. ನಮ್ಮ ಪಕ್ಕ ಎಪ್ಪತ್ತು ದಾಟಿದ ಇಬ್ಬರು ಮುದುಕರು. ಒಬ್ಬ ಇನ್ನೊಬ್ಬನ ಬೆನ್ನಿಗೆ ಸನ್‌ಸ್ಕ್ರೀನ್ ಹಚ್ಚುತ್ತಾ ಏನೋ ಬೈಯುತ್ತಿದ್ದ, ಈತ ಪೇಪರಿನಿಂದ ತಲೆ ಎತ್ತದೆ ಹೂಂಗುಟ್ಟುತ್ತಿದ್ದ. ಥೇಟ್ ನಮ್ಮಪ್ಪ ಅವ್ವ. ಆ ಬೀಚಿನಲ್ಲಿ ಸಿನಿಮಾ ಹೀರೋಗಳಂಥ ಹುಡುಗರು ಬೇಕಾದಷ್ಟಿದ್ದರು, ಆದರೆ ನಾನು ನೋಡುತ್ತ ಕೂತಿದ್ದು ಇವರನ್ನ. ಗಂಡಸರ ಜೋಡಿಗೆ ವಯಸ್ಸಾಗುತ್ತದೆ ಅನ್ನೋದನ್ನ ಕಣ್ಣಾರೆ ಕಂಡದ್ದು ಅದೇ ಮೊದಲು.

ಊಟದ ವಿಷಯ. ನಾನು ಸಸ್ಯಾಹಾರಿ, ಆಕ್ಟೋಪಸ್ ಒಣಗಹಾಕಿದ ಹಗ್ಗದ ಕೆಳಗೆ ಕೂತು ಮೆನು ಓದುವಾಗ ಹೆದರಿದ್ದೆ. ಕಾಪಾಡಿದ್ದು ಮೋಸ್ತ್ರ. ಬಾರ್ಲಿಯ ಗಟ್ಟಿ ರಸ್ಕ್, ಅದರ ಮೇಲೆ ಟೊಮ್ಯಾಟೊ, ಮತ್ತೆ ಕೊಪಾನಿಸ್ತಿ ಎಂಬ ಖಾರದ ಚೀಸು. ಕಟಕ್ ರೊಟ್ಟಿಯ ಅಣ್ಣತಮ್ಮನೇ ಸರಿ. ಕೆಂಪು ಚಟ್ನಿ ಇದ್ದಿದ್ದರೆ ಅಂತ ಇಬ್ಬರೂ ಒಂದೇ ಸಲ ಅಂದೆವು.

ಬೆಂಗಳೂರಿನಲ್ಲಿ ರಾತ್ರಿ 1 ಗಂಟೆಗೆ ಪಬ್ಬು ಬಾಗಿಲು ಹಾಕುವಾಗ ಅಲ್ಲಿ ಜನ ಸ್ನಾನ ಮಾಡಿ ಹೊರಬೀಳುತ್ತಾರೆ. ಪರಾಪೋರ್ಟಿಯಾನಿ ಎಂಬ ಬಿಳಿ ಚರ್ಚಿನ ಹತ್ತಿರ, ಸಮುದ್ರಕ್ಕೆ ಮೈ ತಾಗಿಸಿಕೊಂಡು ಜಾಕಿ ಓ ಬಾರ್ ಇದೆ. ಡ್ರ್ಯಾಗ್ ಶೋ, ಕಿವಿಗಡಚಿಕ್ಕುವ ಹಾಡು, ಬಾಗಿಲಾಚೆ ರಸ್ತೆತುಂಬ ಜನ. ಡ್ರಿಂಕ್ಸ್ ತುಟ್ಟಿ, ಹಾಡು ಹಳೇವು. ಕುಣಿತ ನಮ್ಮ ಗಣಪತಿ ಮೆರವಣಿಗೆಯಲ್ಲೇ ಛಲೋ ಇರ್ತದ.

ಹಂಗಾದರೆ ದುಡ್ಡು ಕೊಟ್ಟಿದ್ದು ಯಾತಕ್ಕೆ? ಹೋಟೆಲಿನ ರಿಸೆಪ್ಶನ್ ಹುಡುಗಿ ಪಾಸ್‌ಪೋರ್ಟ್ ನೋಡುತ್ತಾ ತಲೆ ಎತ್ತದೇ 'ಹನಿಮೂನಾ?' ಅಂದಳಲ್ಲ, ಆ ಒಂದು ಪ್ರಶ್ನೆಗೆ. ನರಗುಂದದ ಲಾಡ್ಜಿನವ ಏನೂ ಕೇಳಲಿಲ್ಲ ನಿಜ. ಅವನಿಗೆ ನಾವು ಕಾಣಲೇ ಇಲ್ಲ. ನಮ್ಮ ಕಡೆ ಸಿಗುವ ಸಲಿಗೆಯೆಲ್ಲ, ಅಂಥಾದ್ದೊಂದು ಇರೋದೇ ಇಲ್ಲ ಎಂಬ ನಂಬಿಕೆಯ ಮೇಲೆ ನಿಂತದ್ದು. ಗೊತ್ತಾದ ದಿನ ಕೌದಿನೂ ಇಲ್ಲ, ಮಾಳಿಗೆನೂ ಇಲ್ಲ.

ನಮ್ಮ ಸೀಮೆಗೆ ಏನೂ ಗೊತ್ತಿಲ್ಲ ಅಂತಲೂ ಅಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡ ನರಗುಂದಕ್ಕೆ ದೂರವೇನಲ್ಲ. ಸೀರೆ ಉಟ್ಟು ಪಡ್ಡಲಿಗೆ ಹಿಡಿದು ಜೋಗಪ್ಪ ಬಾಗಿಲಿಗೆ ಬಂದರೆ ನಮ್ಮವ್ವ ಕೈಮುಗಿದು ಜೋಳ ಹಾಕುತ್ತಾಳೆ. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಟಿವಿ ಮುಂದೆ ಕೂತು ಅವ್ವ ಕಣ್ಣೊರೆಸಿಕೊಂಡಳು. ಆದರೆ ಅದು ಬೇರೆ ದಾರಿ. ಮೀಸೆ ಬಿಟ್ಟು, ಅಂಗಿ ಪ್ಯಾಂಟು ಹಾಕಿ, ಇನ್ನೊಬ್ಬ ಮೀಸೆಯವನನ್ನು ಪ್ರೀತಿಸುವ ಮಗನಿಗೆ ಅವ್ವನ ಭಾಷೆಯಲ್ಲಿ ಒಂದು ಶಬ್ದ ಇಲ್ಲ. 'ಸಲಿಂಗಿ' ಪೇಪರಿನವರ ಮಾತು, ಅಡುಗೆಮನೆಯಲ್ಲಿ ಯಾರೂ ಆಡುವುದಿಲ್ಲ. ವಸುಧೇಂದ್ರರ 'ಮೋಹನಸ್ವಾಮಿ' ಬಂದದ್ದು 2013ರಲ್ಲಿ. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು 377ನೇ ಕಲಮನ್ನು ಮತ್ತೆ ಎತ್ತಿ ಹಿಡಿಯಿತು. ಆ ಪುಸ್ತಕವನ್ನು ಟ್ರಂಕಿನ ತಳದಲ್ಲಿ ಬಟ್ಟೆಯ ಕೆಳಗಿಟ್ಟು ಓದಿದವ ನಾನು.

2018ರ ಸೆಪ್ಟೆಂಬರ್ 6ಕ್ಕೆ ಅಪರಾಧ ಅಲ್ಲ ಅಂತಾಯಿತು. 2023ರ ಅಕ್ಟೋಬರ್ 17ಕ್ಕೆ ಮದುವೆ ಮೂಲಭೂತ ಹಕ್ಕಲ್ಲ ಅಂದರು. ನಾಲ್ಕು ತಿಂಗಳಿಗೆ ಗ್ರೀಸಿನ ಸಂಸತ್ತಿನಲ್ಲಿ 300 ಜನರಲ್ಲಿ 176 ಮಂದಿ ಕೈ ಎತ್ತಿ ಅಲ್ಲಿ ಮದುವೆಯೂ ಕಾಯ್ದೆಯಾಯಿತು. ರಿಸೆಪ್ಶನ್ ಹುಡುಗಿ ಆ ಪ್ರಶ್ನೆ ಅಷ್ಟು ಸಲೀಸಾಗಿ ಕೇಳಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಇದನ್ನೆಲ್ಲ ಕಥೆ ಮಾಡಿ ಹೇಳುವುದು ಒಬ್ಬನಿಗೆ ಮಾತ್ರ. ನರಗುಂದದ ಕಡೆಯ ಹುಡುಗ, ಇಪ್ಪತ್ತೇಳು. ರಾತ್ರಿ ಹೊಲದ ಕಡೆ ಹೋಗಿ ಫೋನ್ ಮಾಡುತ್ತಾನೆ. ಮೊದಲ ಪ್ರಶ್ನೆ, 'ಬೀಚಿನಾಗ ಅರಿವಿ ಇಲ್ದ ಅಡ್ಡಾಡ್ತಾರಂತಲ್ಲ, ಖರೇನ?' ಖರೇ, ಕೆಲವರು. ಎರಡನೇದು, 'ಆ ಮುದುಕರ ಫೋಟೋ ತಗಿಲಿಲ್ಲೇನು?' ತೆಗೆದಿಲ್ಲ, ಅದು ಸರಿಯಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ, 'ಐತವಾರ ರೋಣಕ್ಕ ಹೆಣ್ಣ ನೋಡಾಕ ಹೋಗೂದೈತಿ.'

ನಾನು ಇದರಲ್ಲಿ ಗಟ್ಟಿ. ಏನಾದರೂ ಮಾಡು, ಆ ಹುಡುಗಿಯ ಜೀವನದಲ್ಲಿ ಮಾತ್ರ ಅಡಗಿಕೊಳ್ಳಬೇಡ ಅಂದೆ. ಬೆಂಗಳೂರಿಗೆ ಬಾ, ಇಲ್ಲಿ 1994ರಿಂದ ಗುಡ್ ಆ್ಯಸ್ ಯೂ ಅಂತ ಗುಂಪಿದೆ, 2008ರಿಂದ ಪ್ರೈಡ್ ಮೆರವಣಿಗೆ ನಡೆಯುತ್ತಿದೆ, ನಮ್ಮನೆಯಲ್ಲಿ ಇನ್ನೊಂದು ಚಾಪೆಗೆ ಜಾಗ ಇದೆ. ಹೇಳುವುದು ಸುಲಭ ನನಗೆ. ಅವನಿಗೆ ಎಂಟೆಕರೆ ಎರೆಹೊಲ, ಮೊಣಕಾಲು ನೋವಿನ ಅಪ್ಪ.

ಸೋಮವಾರ ಫೋನ್ ಬಂತು. ರೋಣಕ್ಕೆ ಹೋಗಿಲ್ಲ.

'ಅವ್ವಗ ಏನಂದಿ?'

'ಹೊಟ್ಟಿನೋವು ಅಂದೆ. ಓಂಕಾಳ ಕುಡಿಸಿದ್ಲು. ಮುಂದಿನ ಐತವಾರ ಹೋಗೂಣು ಅಂತ.'