ಐವತ್ತು ಪೌಂಡ್

ಕಳೆದ ಮಳೆಗಾಲದ ಒಂದು ಭಾನುವಾರ ಮೊಮ್ಮಗ ಮೊಬೈಲ್ ಹಿಡಿದುಕೊಂಡು ಬಂದು, "ಅಜ್ಜಾ, ಈ ಬೈಕಿಗೆ ಬ್ರೇಕೇ ಇಲ್ವಂತೆ, ನೋಡು" ಅಂದ. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಬ್ರೇಕ್ ಶೂ ತಪಾಸಣೆ ಮಾಡಿ ನಿವೃತ್ತನಾದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಕನ್ನಡಕ ಹಾಕಿಕೊಂಡು ನೋಡಿದೆ. ನಾಲ್ವರು ಸವಾರರು, ಮೊಟ್ಟೆಯಾಕಾರದ ಮಣ್ಣಿನ ಹಾದಿ, ನಾಲ್ಕು ಸುತ್ತು. ಒಂದು ನಿಮಿಷ ಚಿಲ್ಲರೆಯಲ್ಲಿ ಎಲ್ಲ ಮುಗಿದುಹೋಯಿತು. ಇದಕ್ಕೆ ಸ್ಪೀಡ್‌ವೇ ಅಂತ ಹೆಸರು. ನಿಜಕ್ಕೂ ಬ್ರೇಕ್ ಇಲ್ಲ, ಗೇರ್ ಒಂದೇ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಕಬ್ಬಿಣದ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಊರಿ, ಮುಂದಿನ ಚಕ್ರವನ್ನು ತಿರುವಿನ ವಿರುದ್ಧ ದಿಕ್ಕಿಗೆ ಹೊರಳಿಸಿ ಹೋಗುತ್ತಾರೆ. ಬೈಕನ್ನು ಹತೋಟಿಯಲ್ಲಿಡುವುದು ಆ ಜಾರುವಿಕೆಯೇ. ಬ್ರೇಕ್ ಇದ್ದಿದ್ದರೆ ಮುಂದಿನವನು ಫಕ್ಕನೆ ನಿಂತು ಹಿಂದಿನವನು ಅವನ ಮೇಲೇರುತ್ತಿದ್ದ, ಆದ್ದರಿಂದ ಇಲ್ಲದಿರುವುದೇ ಸುರಕ್ಷಿತವಂತೆ. ಒಪ್ಪಲು ನನಗೆ ಎರಡು ದಿನ ಬೇಕಾಯಿತು.

ಮೊಮ್ಮಗ ಮರುದಿನವೇ ಅದನ್ನು ಮರೆತ. ನನಗೆ ಹುಚ್ಚು ಹಿಡಿಯಿತು. ಓದುತ್ತಾ ಹೋದಂತೆ ಎರಿಕ್ ಲ್ಯಾಂಗ್ಟನ್ ಎಂಬವನು ಸಿಕ್ಕಿದ.

ಇಂಗ್ಲೆಂಡಿನ ಯಾರ್ಕ್‌ಷೈರಿನವನು, ಹುಟ್ಟಿದ್ದು 1907ರಲ್ಲಿ. ಅಣ್ಣ ಆಲಿವರ್ ಕೂಡ ಸವಾರನೇ. ಈ ಆಟ ಇಂಗ್ಲೆಂಡಿನಲ್ಲಿ ಬೇರೂರಿದ್ದು 1928ರ ಫೆಬ್ರವರಿಯಲ್ಲಿ, ಲಂಡನ್ ಹೊರವಲಯದ ಹೈ ಬೀಚ್ ಎಂಬಲ್ಲಿ. ಮೂರು ಸಾವಿರ ಜನ ಬರಬಹುದು ಅಂದುಕೊಂಡ ಕಡೆ ಅದರ ಹಲವು ಪಟ್ಟು ಜನ ನುಗ್ಗಿದರು. ಆಮೇಲೆ ಊರೂರಿಗೆ ಒಂದು ಹಾದಿ. ಗಿರಣಿ, ಗಣಿ, ವರ್ಕ್‌ಶಾಪಿನ ಹುಡುಗರಿಗೆ ವಾರದ ಸಂಬಳಕ್ಕಿಂತ ಹೆಚ್ಚು ಹಣ ಒಂದು ಸಂಜೆಯಲ್ಲಿ ಸಿಗುವ ಕಾಲ ಬಂತು. ಲ್ಯಾಂಗ್ಟನ್ ಹೆಸರು ಮಾಡಿದ್ದು ಮ್ಯಾಂಚೆಸ್ಟರಿನ ಬೆಲ್ ವ್ಯೂ ತಂಡದಲ್ಲಿ. ಬೆಲ್ ವ್ಯೂ ಅಂದರೆ ಒಂದು ಪ್ರಾಣಿಸಂಗ್ರಹಾಲಯ, ಅದರ ಜೊತೆ ಮನರಂಜನೆಯ ತೋಟ, ಅದರದೇ ಸ್ಟೇಡಿಯಂ. ಸ್ಟೇಡಿಯಮ್ಮಿನಲ್ಲಿ ಮೆಥನಾಲ್ ಕುಡಿದ ಐನೂರು ಸಿ.ಸಿ. ಎಂಜಿನ್‌ಗಳು ಕಿರುಚುವಾಗ ಆನೆ ಹುಲಿಗಳ ಗತಿ ಏನಾಗುತ್ತಿತ್ತೋ! ಆ ತಂಡ 1933ರಿಂದ 1936ರವರೆಗೆ ಸತತ ನಾಲ್ಕು ವರ್ಷ ಲೀಗ್ ಗೆದ್ದಿತು. ಅದಕ್ಕೂ ಮೊದಲು, 1932ರಲ್ಲಿ, ಲ್ಯಾಂಗ್ಟನ್ ಸ್ಟಾರ್ ರೈಡರ್ಸ್ ಚಾಂಪಿಯನ್‌ಶಿಪ್ ಗೆದ್ದಿದ್ದ. ಆಗ ಅದಕ್ಕಿಂತ ದೊಡ್ಡ ವೈಯಕ್ತಿಕ ಬಿರುದು ಇರಲಿಲ್ಲ. ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್‌ಗಳಲ್ಲಿ ಇಂಗ್ಲೆಂಡಿನ ಪರವೂ ಆಡಿದ.

ಇಷ್ಟಾದರೂ ಅವನ ಹೆಸರು ಬಂದಲ್ಲೆಲ್ಲ ಜನ ಹೇಳುವುದು ಅವನು ಸೋತ ಒಂದು ಓಟದ ಕಥೆ.

1936ರ ಸೆಪ್ಟೆಂಬರ್ 10, ವೆಂಬ್ಲಿ. ಮೊಟ್ಟಮೊದಲ ವಿಶ್ವ ಚಾಂಪಿಯನ್‌ಶಿಪ್ಪಿನ ಫೈನಲ್. ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಜನ. ಹದಿನಾರು ಸವಾರರು, ಒಬ್ಬೊಬ್ಬರಿಗೆ ಐದು ಓಟ, ಗೆದ್ದರೆ ಮೂರು ಅಂಕ. ಆದರೆ ಅರ್ಹತಾ ಸುತ್ತುಗಳ ಸಾಧನೆಗೆ ಬೋನಸ್ ಅಂಕ ಅಂತ ಒಂದು ವಿಚಿತ್ರ ಲೆಕ್ಕ ಇಟ್ಟಿದ್ದರು. ಬ್ಲೂಯಿ ವಿಲ್ಕಿನ್ಸನ್ ಎಂಬ ಆಸ್ಟ್ರೇಲಿಯನ್ ಆ ರಾತ್ರಿ ಐದಕ್ಕೆ ಐದೂ ಗೆದ್ದ. ಹದಿನೈದು ಅಂಕಕ್ಕೆ ಬೋನಸ್ ಹತ್ತು ಸೇರಿ ಇಪ್ಪತ್ತೈದು. ಅವನ ದೇಶದವನೇ ಆದ ಲಯನೆಲ್ ವಾನ್ ಪ್ರಾಗ್‌ಗೆ ಹದಿನಾಲ್ಕು, ಜೊತೆಗೆ ಹನ್ನೆರಡು. ಲ್ಯಾಂಗ್ಟನ್‌ಗೆ ಹದಿಮೂರು, ಜೊತೆಗೆ ಹದಿಮೂರು. ಇಬ್ಬರದೂ ಇಪ್ಪತ್ತಾರು! ಒಂದೂ ಸೋಲದವನು ಮೂರನೆಯವನಾಗಿ ನಿಂತ. (ಅವನು 1938ರಲ್ಲಿ ಚಾಂಪಿಯನ್ ಆದ ಅನ್ನುವುದು ಸಮಾಧಾನ.) ಪ್ರಶಸ್ತಿಗಾಗಿ ಉಳಿದಿಬ್ಬರ ನಡುವೆ ಇನ್ನೊಂದು ಓಟ.

ಶುರುವಿನಲ್ಲಿ ಅಡ್ಡಲಾಗಿ ಪಟ್ಟಿ ಕಟ್ಟಿರುತ್ತಾರೆ, ಅದು ಮೇಲೆ ಹಾರಿದರೆ ಓಟ ಆರಂಭ. ಲ್ಯಾಂಗ್ಟನ್ ಅವಸರಪಟ್ಟು ಪಟ್ಟಿಯನ್ನೇ ಹರಿದ. ನಿಯಮದಂತೆ ಅಲ್ಲಿಗೆ ಅವನು ಹೊರಗೆ. ಆದರೆ ವಾನ್ ಪ್ರಾಗ್, ಹೀಗೆ ಸಿಗುವ ಪ್ರಶಸ್ತಿ ತನಗೆ ಬೇಡ, ಮತ್ತೆ ಓಡಿಸಿ ಅಂದುಬಿಟ್ಟ. ಮತ್ತೆ ಓಡಿಸಿದರು. ಮೊದಲ ತಿರುವಿಗೆ ಲ್ಯಾಂಗ್ಟನ್ ಮುಂದೆ. ಎರಡನೇ ಸುತ್ತು, ಮೂರನೇ ಸುತ್ತು, ಅವನೇ ಮುಂದೆ. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಕೈಯಗಲದ ಸಂದು ಬಿಟ್ಟುಕೊಟ್ಟ. ವಾನ್ ಪ್ರಾಗ್ ಅದರಲ್ಲಿ ನುಗ್ಗಿ ಒಂದು ಚಕ್ರದಷ್ಟೂ ಅಂತರವಿಲ್ಲದೆ ಗೆದ್ದ.

ಇಷ್ಟಕ್ಕೇ ಮುಗಿದಿದ್ದರೆ ಚೆಂದದ ಕಥೆ. ಆದರೆ ಆಮೇಲೆ ಒಂದು ಆರೋಪ ಹುಟ್ಟಿಕೊಂಡಿತು. ಓಟಕ್ಕೆ ಮೊದಲೇ ಇಬ್ಬರೂ ಮಾತಾಡಿಕೊಂಡಿದ್ದರಂತೆ: ಮೊದಲ ತಿರುವನ್ನು ಯಾರು ಮೊದಲು ಮುಟ್ಟುತ್ತಾರೋ ಅವರೇ ಗೆಲ್ಲಲಿ, ಹಣ ಇಬ್ಬರಿಗೂ ಹಂಚಿಕೆ. ಮೊದಲು ಮುಟ್ಟಿದ್ದು ಲ್ಯಾಂಗ್ಟನ್. ಮಾತು ತಪ್ಪಿದ್ದು ವಾನ್ ಪ್ರಾಗ್. ಆಮೇಲೆ ಅವನು ಲ್ಯಾಂಗ್ಟನ್‌ಗೆ ಐವತ್ತು ಪೌಂಡ್ ಕೊಟ್ಟ, ಮನಸ್ಸಾಕ್ಷಿಯ ಹಣ, ಅನ್ನುತ್ತಾರೆ.

ಇಲ್ಲಿಗೆ ಬಂದು ನಾನು ಓದುವುದನ್ನು ನಿಲ್ಲಿಸಿದೆ.

1989ರಲ್ಲಿ ನಮ್ಮ ವಿಭಾಗದಲ್ಲಿ ಒಂದು ಫೋರ್‌ಮನ್ ಹುದ್ದೆ ಖಾಲಿಯಾಯಿತು. ಅರ್ಹರು ಇಬ್ಬರೇ, ನಾನು ಮತ್ತು ನನ್ನ ಜೊತೆ ಒಂದೇ ರೈಲಿನಲ್ಲಿ ಹುಬ್ಬಳ್ಳಿಯಿಂದ ಬಂದಿದ್ದ ಗೆಳೆಯ. ಅವನು ಆರು ತಿಂಗಳು ಹಿರಿಯ. ಕ್ಯಾಂಟೀನಿನಲ್ಲಿ ಕೂತು ಮಾತಾಡಿಕೊಂಡೆವು. ನಾನು ಅರ್ಜಿ ಹಾಕುವುದಿಲ್ಲ, ಅವನು ಫೋರ್‌ಮನ್ ಆಗಲಿ, ಆದ ಮೇಲೆ ನನಗೆ ರಾತ್ರಿ ಪಾಳಿ ತಪ್ಪಿಸಲಿ. ಕೊನೆಯ ದಿನ ಸಂಜೆ ನಾಲ್ಕೂವರೆಗೆ ನಾನು ಅರ್ಜಿ ಹಾಕಿದೆ. ಪರೀಕ್ಷೆಯಲ್ಲಿ ನನಗೇ ಹೆಚ್ಚು ಅಂಕ ಬಂತು.

ಅವತ್ತಿನಿಂದ ನಾನು ನನಗೆ ಹೇಳಿಕೊಂಡು ಬಂದ ವಾದ ಒಂದಿದೆ. ಆ ಒಪ್ಪಂದವೇ ತಪ್ಪು, ಮುರಿದದ್ದೇ ಸರಿ. ವೆಂಬ್ಲಿಯ ಮಟ್ಟಿಗೆ ಈ ವಾದ ಚೆನ್ನಾಗಿ ನಿಲ್ಲುತ್ತದೆ. ಟಿಕೆಟ್ ಕೊಂಡು ಬಂದ ಎಪ್ಪತ್ತು ಸಾವಿರ ಜನ ಆ ರಾತ್ರಿ ನಿಜವಾದ ಓಟ ನೋಡಿದ್ದರೆ ಅದು ವಾನ್ ಪ್ರಾಗ್ ಮಾತು ತಪ್ಪಿದ್ದರಿಂದ. ಲ್ಯಾಂಗ್ಟನ್ ಮಾತು ನಂಬಿ ಕೊನೆಯ ತಿರುವಿನಲ್ಲಿ ಸಡಿಲವಾದನೋ, ಸುಮ್ಮನೆ ಆಯ ತಪ್ಪಿದನೋ, ಅದು ಜನರಿಗೆ ಸಂಬಂಧಿಸಿದ್ದಲ್ಲ. ವಾನ್ ಪ್ರಾಗ್ ನೀಚನೂ ಅಲ್ಲ. 1942ರಲ್ಲಿ ಜಪಾನೀಯರ ದಾಳಿಗೆ ಅವನಿದ್ದ ವಿಮಾನ ಸುಂಬಾ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದಾಗ, ಜೊತೆಗಿದ್ದವರನ್ನು ಗಂಟೆಗಟ್ಟಲೆ ನೀರಿನಲ್ಲಿ ತೇಲಿಸಿ ಉಳಿಸಿದ್ದಕ್ಕೆ ಅವನಿಗೆ ಜಾರ್ಜ್ ಮೆಡಲ್ ಬಂತು. ಎಲ್ಲರೂ ನೋಡುತ್ತಿದ್ದಾಗ ಪುಕ್ಕಟೆ ಗೆಲುವನ್ನು ಬೇಡ ಅಂದವನೂ ಅವನೇ.

ವಾದ ಎಲ್ಲ ಸರಿ. ಹಾಗಿದ್ದರೆ ಆ ಐವತ್ತು ಪೌಂಡ್ ಯಾಕೆ ಕೊಟ್ಟ?

1991ರಲ್ಲಿ ಗೆಳೆಯ ಚಿಂಚವಡದಲ್ಲಿ ಮನೆ ಕಟ್ಟಿಸುತ್ತಿದ್ದ. ಸ್ಲ್ಯಾಬ್ ಹಾಕುವ ದಿನ ಹೋಗಿ ಎರಡು ಸಾವಿರ ರೂಪಾಯಿ ಕೈಯಲ್ಲಿಟ್ಟೆ. ಸಾಲ ಅನ್ನಲಿಲ್ಲ, ಕಾಣಿಕೆ ಅಂತಲೂ ಅನ್ನಲಿಲ್ಲ. ಅವನು ಎಣಿಸಲಿಲ್ಲ, ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಸಿಮೆಂಟ್ ಕಲಸುವವರ ಕಡೆ ತಿರುಗಿ, ನೀರು ಹೆಚ್ಚಾಯಿತು ಅಂತ ಮರಾಠಿಯಲ್ಲಿ ಬೈದ. ಆಮೇಲೆ ನನಗೆ ಚಹಾ ತರಿಸಿದ. ಆ ಹಣದ ಮಾತು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಈ ಕಥೆಯನ್ನು ಹೋದ ವಾರ ಅವನಿಗೆ ಫೋನಿನಲ್ಲಿ ಹೇಳಿದೆ, ಲ್ಯಾಂಗ್ಟನ್‌ದು, ಪಟ್ಟಿ ಹರಿದದ್ದರಿಂದ ಹಿಡಿದು ಐವತ್ತು ಪೌಂಡಿನವರೆಗೆ. ಪೂರ್ತಿ ಕೇಳಿದ. ಸ್ವಲ್ಪ ಹೊತ್ತು ಬಿಟ್ಟು, "ಆಗಿನ ಐವತ್ತು ಪೌಂಡ್ ಅಂದ್ರ ಈಗ ಎಷ್ಟಾಗ್ತದೋ?" ಅಂತ ಕೇಳಿದ.