ಆಗಸ್ಟ್ ಹದಿನಾಲ್ಕು ಯಾರದ್ದು?

ಕುಂದಾಪುರದ ಚರ್ಚ್ ರೋಡಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದೆ ಜನ ಗೊಣಗುವುದನ್ನು ನಾನು ಮೊದಲು ಕೇಳಿದ್ದು ಎಪ್ಪತ್ತರ ದಶಕದಲ್ಲಿ, ಅದೂ ಸೈಕಲ್ಲಿನ ವಿಷಯಕ್ಕೆ. ಅಪ್ಪಯ್ಯ ಆ ಕಡೆ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದರು. ಹರ್ಕ್ಯುಲಿಸ್, ಅಟ್ಲಾಸ್, ಒಳಪೆಡಲ್ ತುಳಿಯುವ ಹುಡುಗರಿಗೆಂದು ಒಂದೆರಡು ಗಿಡ್ಡ ಸೈಕಲ್ಲು. ಗಂಟೆಗೆ ನಾಲ್ಕಾಣೆ. ಮಡ್‌ಗಾರ್ಡಿನ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ಗೋಡೆಗೆ ನೇತು ಹಾಕಿದ ಸ್ಲೇಟಿನಲ್ಲಿ ಹೋದ ಹೊತ್ತು.

ಬಂದ ಹೊತ್ತನ್ನು ನೋಡಲು ಅಂಗಡಿಯಲ್ಲಿ ಗಡಿಯಾರ ಇತ್ತು. ಆದರೆ ಗಿರಾಕಿಯ ಹತ್ತಿರ ವಾಚು ಇರಬೇಕಲ್ಲ? ಹಾಗಾಗಿ ಅಪ್ಪಯ್ಯ ಇಗರ್ಜಿಯ ಗಂಟೆಯನ್ನೇ ಲೆಕ್ಕಕ್ಕೆ ಹಿಡಿದಿದ್ದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ದಿನಕ್ಕೆ ಮೂರು ಸಲದ ಪ್ರಾರ್ಥನೆಯ ಗಂಟೆ. ಸಂಜೆಯದ್ದನ್ನು ಕೊಂಕಣಿಯವರು ಆಮೊರಿ ಅನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. "ಆಮೊರಿ ಗಂಟೆ ಹೊಡೂಕ್ ಮುಂಚೆ ಸೈಕಲ್ ಬರ್ಕ್" ಎಂಬುದು ಅಂಗಡಿಯ ಕಟ್ಟುನಿಟ್ಟು. ಅದಕ್ಕೆ ಕಾರಣ ಭಕ್ತಿಯಲ್ಲ, ದೀಪ. ಕತ್ತಲಾದ ಮೇಲೆ ದೀಪವಿಲ್ಲದ ಸೈಕಲ್ ಕಂಡರೆ ಪೊಲೀಸರು ತಡೆದು ನಿಲ್ಲಿಸಿ ಚಕ್ರದ ವಾಲ್ವ್ ಕಿತ್ತು ಗಾಳಿ ಬಿಡುತ್ತಿದ್ದರು. ಬಾಡಿಗೆ ಸೈಕಲ್ಲಿಗೆಲ್ಲ ಡೈನಮೊ ಹಾಕಿಸುವ ಶಕ್ತಿ ನಮಗಿರಲಿಲ್ಲ.

ಅದೇ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ, ಒಂದೊಂದಾಗಿ, ಬಿಟ್ಟು ಬಿಟ್ಟು ಹೊಡೆದರೆ ಯಾರೋ ತೀರಿಕೊಂಡರು ಎಂದರ್ಥ. ಆಗ ಅಪ್ಪಯ್ಯ ಮಾಡುತ್ತಿದ್ದ ಮೊದಲ ಕೆಲಸ, ರಸ್ತೆಯ ಅಂಚಿಗೆ ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳನ್ನು ಒಳಗೆಳೆದುಕೊಳ್ಳುವುದು. ಮರುದಿನ ಮೆರವಣಿಗೆ ಕಾಲ್ನಡೆಯಲ್ಲೇ ಬರುತ್ತದೆ, ದಾರಿ ಬಿಡಬೇಕು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಓಣಿಯ ಎಲ್ಲರೂ ಹಾಗೇ ಮಾಡುತ್ತಿದ್ದರು.

ವರ್ಷಕ್ಕೊಮ್ಮೆ, ನವೆಂಬರ್ ಕೊನೆಯ ಹೊತ್ತಿಗೆ ಬರುವ ತೆರಾಲಿಯಲ್ಲಿ ಮಾತ್ರ ಅಂಗಡಿಯ ಕಾರುಬಾರೇ ಬೇರೆ. ರೊಜಾರಿ ಮಾತೆಯ ಇಗರ್ಜಿಯ ವಾರ್ಷಿಕ ಹಬ್ಬ ಅದು. ಬಸ್ರೂರು, ತಲ್ಲೂರು, ಹಂಗಳೂರು ಕಡೆಯಿಂದ ಜನ ಬರುತ್ತಿದ್ದರು. ಗಂಗೊಳ್ಳಿಯವರಿಗೆ ಹೊಳೆ ದಾಟಿದರೆ ಕುಂದಾಪುರ, ಅವರು ದೋಣಿ ಹತ್ತುತ್ತಿದ್ದರು. ದೋಣಿಯಲ್ಲಿ ಬಂದವರಿಗೆ ತಾಪತ್ರಯವಿಲ್ಲ. ಸೈಕಲ್ಲಿನಲ್ಲಿ ಬಂದವರು ಅದನ್ನು ಎಲ್ಲಿಡುವುದು? ಒರಗಿಸಲು ಕಾಂಪೌಂಡು ಗೋಡೆ ಸಾಲದು, ಮರ ಸಾಲದು. ಒಬ್ಬರ ಹ್ಯಾಂಡಲ್ ಇನ್ನೊಬ್ಬರ ಚಕ್ರದೊಳಗೆ ಸಿಕ್ಕಿಕೊಂಡು, ಒಂದು ಎಳೆದರೆ ಹತ್ತು ಬೀಳುವುದು.

ಆ ದಿನ ಅಪ್ಪಯ್ಯ ಸೈಕಲ್ ಬಾಡಿಗೆ ಕೊಡುತ್ತಿರಲಿಲ್ಲ, ಸೈಕಲ್ ಕಾಯುತ್ತಿದ್ದರು. ಪಕ್ಕದ ಹಿತ್ತಲಿನ ಪೊರ್ಬುಗಳ, ಅಂದರೆ ಕೊಂಕಣಿ ಕ್ರೈಸ್ತರ, ಒಪ್ಪಿಗೆ ಕೇಳಿ ತೆಂಗಿನ ಮರದಿಂದ ಮರಕ್ಕೆ ಹುರಿಹಗ್ಗ ಎಳೆದು ಸಾಲು ಮಾಡುವುದು. ಚೀಟಿಗೆ ಹಿಂದಿನ ವರ್ಷದ ದಿನದ ಕ್ಯಾಲೆಂಡರು. ದಿನಕ್ಕೊಂದು ಹಾಳೆ ಹರಿಯುವ ಆ ದಪ್ಪ ಕ್ಯಾಲೆಂಡರನ್ನು ನಮ್ಮ ಮನೆಯಲ್ಲಿ ಹರಿಯದೆ ಮಡಚಿಡುತ್ತಿದ್ದರು, ತೆರಾಲಿಗೆ ಬೇಕು ಎಂದು. ಒಂದೊಂದು ಹಾಳೆಯನ್ನೂ ಅಡ್ಡಕ್ಕೆ ಎರಡು ತುಂಡು ಮಾಡಿ ಎರಡರಲ್ಲೂ ತಿಂಗಳು, ತಾರೀಕು ಬರೆಯುವ ಕೆಲಸ ನನ್ನದು. ಒಂದು ತುಂಡು ಸೈಕಲ್ಲಿನ ಬ್ರೇಕಿನ ಸರಳಿಗೆ, ಇನ್ನೊಂದು ಯಜಮಾನನ ಕಿಸೆಗೆ. ಹಾಗಾಗಿ ಪೂಜೆ ಮುಗಿದು ಜನ ಹೊರಬಿದ್ದಾಗ ಅಲ್ಲಿ ನಂಬರು ಕೂಗುವ ಪದ್ಧತಿ ಇರಲಿಲ್ಲ. "ಆಗಸ್ಟ್ ಹದಿನಾಲ್ಕ್ ಯಾರದ್ ಮಾರಾಯ್ರೆ? ಬೇಗ ಬನಿ!" ಎಂದು ಅಪ್ಪಯ್ಯ ಕೂಗಬೇಕು, ಮಿಠಾಯಿ ಪೊಟ್ಟಣ ಹಿಡಿದ ಒಬ್ಬರು ಜನರ ನಡುವಿಂದ ಕೈ ಎತ್ತಬೇಕು. ಜನವರಿ ಇಪ್ಪತ್ತಾರರ ಚೀಟಿ ಸಿಕ್ಕಿದವರು ಒಂದಿಷ್ಟು ಜಂಬದಿಂದಲೇ ಬರುತ್ತಿದ್ದರು. ಚೀಟಿ ಕಳೆದುಕೊಂಡವರು ಕೊನೆಯವರೆಗೆ ನಿಲ್ಲಬೇಕು. ಎಲ್ಲರೂ ಹೋದ ಮೇಲೆ ಉಳಿದ ಸೈಕಲ್ಲು ಅವರದ್ದು, ಇದಕ್ಕಿಂತ ಖಾತ್ರಿಯ ಸಾಕ್ಷಿ ಬೇರೆ ಯಾವುದು?

ಈ ರಸ್ತೆ ಇಷ್ಟು ಕಿರಿದಾಗಿ ಯಾಕಿದೆ ಎಂದು ಕಾರಿನಲ್ಲಿ ಬಂದವರು ಈಗ ಕೇಳುತ್ತಾರೆ. ನನಗೆ ತಿಳಿದ ಉತ್ತರ ಇಷ್ಟೆ: ಈ ಊರು ರಸ್ತೆಗೆ ಮುಖ ಮಾಡಿ ಹುಟ್ಟಿದ್ದಲ್ಲ, ಹೊಳೆಗೆ ಮುಖ ಮಾಡಿ ಹುಟ್ಟಿದ್ದು. ಮೂರು ಕಡೆ ನೀರು. ಐದು ಹೊಳೆ ಕೂಡುವ ಪಂಚಗಂಗಾವಳಿ. ಒಳಗೆ ಬಸ್ರೂರು, ಅಕ್ಕಿಯ ವ್ಯಾಪಾರಕ್ಕೆ ಅರಬ್ ದೇಶಗಳವರೆಗೆ ಹೆಸರಾದ ಬಂದರು. ಆ ಅಕ್ಕಿಯ ಮೇಲೆ ಕಣ್ಣಿಟ್ಟೇ ಪೋರ್ಚುಗೀಸರು 1569ರಲ್ಲಿ ಬಸ್ರೂರಿನ ಕೋಟೆ ಹಿಡಿದರು. ಮರುವರ್ಷ, 1570ರಲ್ಲಿ, ಕುಂದಾಪುರದ ಇಗರ್ಜಿ. ಉಡುಪಿ ಜಿಲ್ಲೆಯ ಇಗರ್ಜಿಗಳಲ್ಲಿ ಇದೇ ಹಳೆಯದು. ಗಂಗೊಳ್ಳಿಯದ್ದು ಬಂದದ್ದು 1630ರಲ್ಲಿ, ಕಲ್ಯಾಣಪುರದ ಮಿಲಾಗ್ರಿಸ್ 1678ರಲ್ಲಿ. ಮೂರೂ ಹೊಳೆಯ ನೆರೆಯಲ್ಲೇ. 1665ರಲ್ಲಿ ಶಿವಾಜಿ ಬಸ್ರೂರಿನ ಮೇಲೆ ಬಿದ್ದಾಗಲೂ ಬಂದದ್ದು ಹಡಗಿನಲ್ಲೇ. 1681ರಿಂದ ಮೂರ್ನಾಲ್ಕು ವರ್ಷ ಕೆನರಾದಲ್ಲಿದ್ದ ಜೋಸೆಫ್ ವಾಜ್ ಪಾದ್ರಿಗಳು ಊರಿಂದೂರಿಗೆ ನಡೆದೇ ತಿರುಗಿದವರು. ಕುಂದಾಪುರದ ಇಗರ್ಜಿಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಅವರು ನೆಲದಿಂದ ಮೇಲೆದ್ದು ಶಿಲುಬೆಯ ಎತ್ತರದಲ್ಲಿ ನಿಂತದ್ದನ್ನು ಕಂಡವರಿದ್ದರು ಎಂಬ ನಂಬಿಕೆ ಇಂದಿಗೂ ಇದೆ. ಗಾಡಿ ನಿಲ್ಲಿಸುವ ಜಾಗದ ಯೋಚನೆ ಇವರಲ್ಲಿ ಯಾರಿಗೂ ಬರುವ ಪ್ರಮೇಯವೇ ಇರಲಿಲ್ಲ.

ಊರು ಬೆನ್ನು ತಿರುಗಿಸಿದ್ದು ಹೆದ್ದಾರಿ ಬಂದ ಮೇಲೆ. ಬಂದರಿನ ಕಡೆಯಿದ್ದ ಗೌಜಿ ನಿಧಾನವಾಗಿ ಪೂರ್ವಕ್ಕೆ, ಶಾಸ್ತ್ರಿ ಸರ್ಕಲ್ಲಿನ ಕಡೆಗೆ ಸರಿಯಿತು. ಹನುಮಾನ್, ಶಂಕರ್ ವಿಠಲ್, ಸಿಪಿಸಿ ಬಸ್ಸುಗಳಲ್ಲಿ ಬಂದವರು ಇಳಿದು ನಡೆದರು. ತೆರಾಲಿಗೆ ಒಂದೆರಡು ಅಂಬಾಸಿಡರ್ ಬಂದರೆ ನಾವು ಹುಡುಗರು ಸುತ್ತ ನಿಂತು ನೋಡುತ್ತಿದ್ದೆವು. ಎಂಬತ್ತರ ದಶಕ ಮುಗಿಯುವಾಗ ಮಾರುತಿ 800 ಬಂತು, ಗಲ್ಫಿನ ದುಡ್ಡು ಬಂತು, ಮುಂಬೈ ಬೆಂಗಳೂರುಗಳಲ್ಲಿ ಹೋಟೆಲು ಇಟ್ಟವರು ಹಬ್ಬಕ್ಕೆ ಸ್ವಂತ ಕಾರಿನಲ್ಲೇ ಊರಿಗೆ ಬರತೊಡಗಿದರು. ಬಾಡಿಗೆ ಸೈಕಲ್ ಕೇಳುವವರು ಕಡಿಮೆಯಾಗುತ್ತಾ ಬಂದು, ಅಪ್ಪಯ್ಯ ಸ್ಕೂಟರಿನ ಪಂಕ್ಚರ್ ಹಾಕಲು ಕಲಿತರು. ಮನಸ್ಸಿಲ್ಲದ ಮನಸ್ಸಿನಿಂದ ಕಲಿತದ್ದು. ಸೈಕಲ್ಲಿನ ಚಕ್ರ ತೂಗಿ ಸರಿ ಮಾಡುವಾಗ ಇದ್ದ ಮುಖ ಸ್ಕೂಟರಿನ ಮುಂದೆ ಕುಳಿತಾಗ ಇರುತ್ತಿರಲಿಲ್ಲ. ಕೊನೆಗೆ ಅಂಗಡಿ ಮುಚ್ಚಿತು. ಹಗ್ಗ ಕಟ್ಟುತ್ತಿದ್ದ ಹಿತ್ತಲಿನಲ್ಲೂ ಮನೆ ಎದ್ದಿತು.

1995ರಲ್ಲಿ ಜೋಸೆಫ್ ವಾಜರನ್ನು ಪುನೀತರೆಂದೂ 2015ರ ಜನವರಿಯಲ್ಲಿ ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು. ನಡುವೆ 2012ರಲ್ಲಿ ಉಡುಪಿಯೇ ಬೇರೆ ಧರ್ಮಪ್ರಾಂತ್ಯವಾಯಿತು. ಅಲ್ಲಿಂದೀಚೆಗೆ ಬರಿಯ ಹಬ್ಬಕ್ಕಲ್ಲದೆ ಯಾತ್ರೆಗೆ ಎಂದೂ ಜನ ಬರುತ್ತಾರೆ. ದೊಡ್ಡ ವ್ಯಾನು, ಗೋವಾದ ನಂಬರ್ ಪ್ಲೇಟು. ರೈಲಿನಲ್ಲಿ ಬಂದವರಿಗೂ ಸುಖವಿಲ್ಲ, ಕುಂದಾಪುರದ ಸ್ಟೇಷನ್ ಇರುವುದು ಮೂಡ್ಲಕಟ್ಟೆಯಲ್ಲಿ, ರಿಕ್ಷಾ ಹಿಡಿಯಬೇಕು.

ಆಮೇಲೆ ಚತುಷ್ಪಥ. ವರ್ಷಗಟ್ಟಲೆ ಅರ್ಧಕ್ಕೆ ನಿಂತು, ಊರವರ ಹೋರಾಟ, ಬೈಗುಳ, ತಮಾಷೆ ಎಲ್ಲಕ್ಕೂ ವಸ್ತುವಾದ ಶಾಸ್ತ್ರಿ ಸರ್ಕಲ್ಲಿನ ಮೇಲ್ಸೇತುವೆ ಕೊನೆಗೂ ಮುಗಿಯಿತು. ಈಗ ಉಡುಪಿ ಕಡೆಯಿಂದ ಬರುವವರು ಸರ್ವಿಸ್ ರಸ್ತೆಗೆ ಇಳಿಯುವುದನ್ನು ಮರೆತರೆ ಕುಂದಾಪುರದ ತಲೆಯ ಮೇಲಿಂದಲೇ ಹಾದು ಸಂಗಮ್ ಸೇತುವೆ ಕಾಣುತ್ತಾರೆ. ಫೋನಿನ ಮ್ಯಾಪು ಅವರನ್ನು ತಿರುಗಿಸಿ ಕರೆತರುತ್ತದೆ, ನಿಜ, ಇಗರ್ಜಿಯ ಬಾಗಿಲವರೆಗೂ ತರುತ್ತದೆ. ಅಲ್ಲಿಂದ ಮುಂದೆ ಅದಕ್ಕೂ ಮಾತಿಲ್ಲ. ಹಬ್ಬದ ದಿನ, ಮದುವೆಯ ದಿನ, ಮುಖ್ಯರಸ್ತೆಯಿಂದಲೇ ಕಾರುಗಳು ಮೂತಿಗೆ ಬಾಲ ಹಚ್ಚಿ ನಿಂತಿರುತ್ತವೆ. ಯಾರದೋ ಗೇಟಿಗೆ ಅಡ್ಡ ಇಟ್ಟವರಿಗೆ ಒಳಗಿನಿಂದ ಒಂದು ದನಿ: "ಹ್ವಾಯ್, ಇಲ್ ಇಡುಕ್ ಆತಿಲ್ಲೆ ಕಾಣಿ!" ಕಾರಿನವರು ಗಾಜು ಇಳಿಸುವುದೂ ಇಲ್ಲ. ಗಂಟೆ ಹೊಡೆದರೂ ಅವರಿಗೆ ಕೇಳಿಸುವುದಿಲ್ಲ, ಎಸಿ ಹಾಕಿರುತ್ತಾರೆ.

ಬ್ರಹ್ಮಾವರದಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿನ ಸೈಂಟ್ ಮೇರಿಸ್ ಸಿರಿಯನ್ ಇಗರ್ಜಿ ರೋಮಿಗೆ ಸೇರಿದ್ದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಗೋವಾದ ಆಲ್ವಾರಿಸ್ ಬಿಷಪರು ರೋಮಿನಿಂದ ಬೇರೆಯಾದಾಗ ಜೊತೆಗೆ ನಿಂತ ಪಾದ್ರಿ ನೊರೊನ್ಹಾ ಕಟ್ಟಿ ಬೆಳೆಸಿದ ಕೊಂಕಣಿ ಆರ್ಥೊಡಾಕ್ಸ್ ಸಮುದಾಯದ್ದು. ನೊರೊನ್ಹಾ 1936ರಲ್ಲಿ ತೀರಿಕೊಳ್ಳುವವರೆಗೂ ಆ ಊರನ್ನು ಬಿಡಲಿಲ್ಲ. ಅಲ್ಲಿ ಜಾಗಕ್ಕೆ ಇಲ್ಲಿನಷ್ಟು ಬರವಿಲ್ಲ; ತೊಂದರೆ ಹೆದ್ದಾರಿ ದಾಟುವುದರಲ್ಲಿ. ಎದುರಿಗೇ ಕಂಡ ಜಾಗಕ್ಕೆ ಮುಂದೆ ಹೋಗಿ ಸುತ್ತಿ ಬರಬೇಕು. ಬೈಂದೂರಿನವರು ಈ ವಿಷಯದಲ್ಲಿ ಪುಣ್ಯವಂತರು. ಕೊಲ್ಲೂರಿನ ಗಡಿಬಿಡಿ ಅವರ ಊರನ್ನು ಹಾದು ಹೋಗುತ್ತದೆಯೇ ಹೊರತು ಅಲ್ಲಿ ತಂಗುವುದಿಲ್ಲ.

ರಸ್ತೆ ಅಗಲ ಮಾಡಿದರೆ ಎಲ್ಲ ಸರಿಯಾದೀತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹಳೆಯ ಮನೆಗಳ ಜಗಲಿ ಕಡಿದು ನಾಲ್ಕಡಿ ಗಳಿಸಿದರೆ ಆ ನಾಲ್ಕಡಿಯಲ್ಲೂ ಕಾರೇ ನಿಲ್ಲುತ್ತದೆ. ಕೋಟೇಶ್ವರದ ಕೊಡಿ ಹಬ್ಬವನ್ನು ನೋಡಿ. ಅದೂ ಹೆಚ್ಚುಕಡಿಮೆ ತೆರಾಲಿಯ ಹೊತ್ತಿನದ್ದೇ. ಕೊಯ್ಲಾದ ಗದ್ದೆಯಲ್ಲಿ ಗಾಡಿ ಬಿಟ್ಟು, ಕಬ್ಬಿನ ಕೊಡಿ ಹಿಡಿದ ಹೊಸ ಮದುಮಕ್ಕಳೂ ನಡೆದೇ ಹೋಗುತ್ತಾರೆ. ಯಾರ ಮರ್ಯಾದೆಯೂ ಕಡಿಮೆಯಾದದ್ದಿಲ್ಲ. ಕುಂದಾಪುರದಲ್ಲಿ ಗದ್ದೆಯಿಲ್ಲ, ಆದರೆ ಗಾಂಧಿ ಮೈದಾನವಿದೆ, ನೆಹರೂ ಮೈದಾನವಿದೆ. ಹಬ್ಬದ ಒಂದು ದಿನಕ್ಕೆ ಅವುಗಳ ಬದಿಯನ್ನು ಕಾರಿಗೆ ಬಿಟ್ಟುಕೊಟ್ಟು, ನಾಲ್ಕು ಹುಡುಗರ ಕೈಗೆ ಚೀಟಿ ಕೊಟ್ಟು ನಿಲ್ಲಿಸಿದರೆ ಪುರಸಭೆಗೆ ದೊಡ್ಡ ಖರ್ಚೇನೂ ಬಾರದು.

ಬರುವ ತೆರಾಲಿಗೆ ಹೊರಟವರಲ್ಲಿ ನನ್ನದೊಂದು ಕೋರಿಕೆ. ಮನೆಯಲ್ಲಿ ನಡೆಯಲಾಗದ ಹಿರಿಯರಿದ್ದರೆ ಅವರನ್ನು ಇಗರ್ಜಿಯ ಗೇಟಿನವರೆಗೆ ಬಿಟ್ಟು, ಕಾರನ್ನು ಮುಖ್ಯರಸ್ತೆಯಿಂದ ಆಚೆಗೆ ಒಯ್ದು ನಿಲ್ಲಿಸಿ ಬನ್ನಿ. ಉಳಿದವರು ಶಾಸ್ತ್ರಿ ಸರ್ಕಲ್ಲಿನಿಂದಲೇ ನಡೆಯಿರಿ. ಚರ್ಚ್ ರೋಡು ನಡೆಯುವವರಿಗೆ ಇಂದಿಗೂ ಧಾರಾಳ ಸಾಕಾಗುತ್ತದೆ.